ಇಳಿಯಬೇಕಾದ ಜಾಗ

ಹಾತೂರ್ 17, ಬೆಳಿಗ್ಗೆ

ರೊಟ್ಟಿ ಹಿಟ್ಟು ಬಿಸಿಲಿಗೆ ಇಟ್ಟಾಯ್ತು. ಹದಿನೆಂಟು ಮುದ್ದೆ. ಬಿಸಿಲು ಸೋಮಾರಿ, ಉಬ್ಬೋದಕ್ಕೆ ಮಧ್ಯಾಹ್ನ ದಾಟಬೇಕು. ಅಲ್ಲಿವರೆಗೆ ಕೋಳಿ ಕಾಯೋದು, ಬೆಕ್ಕು ಕಾಯೋದು, ಈ ಶಿಕ್ಷೆ ಅನುಭವಿಸೋದು.

ಸರ್ಕಾರಕ್ಕೆ ಇದು ನವೆಂಬರ್. ಹೊಲಕ್ಕೆ, ನಮ್ಮ ಕಾಪ್ಟಿಕ್ ಇಗರ್ಜಿಗೆ, ನನಗೆ ಹಾತೂರ್ ತಿಂಗಳು. ಕ್ರಿಸ್ತಜಯಂತಿಯ ಉಪವಾಸ ಶುರುವಾಗಿ ಎರಡು ದಿನ. ನಿನ್ನೆ ಪಾಪನಿವೇದನೆಗೆ ಹೋಗಿದ್ದೆ. ಅಬೂನಾ ಬಖೂಮ್ ಅಂದರೆ ನಮ್ಮ ಪಾದ್ರಿ, ನನ್ನ ಮಗ ಫಹೀಮನಿಗಿಂತ ಎರಡು ವರ್ಷ ಚಿಕ್ಕವನು. ಅವನ ಮೂಗು ಒರೆಸಿದ ಕೈ ಇದು. ಊರಿಗೆಲ್ಲ ನಾನು ಉಮ್ ಫಹೀಮ್, ಫಹೀಮನ ಅಮ್ಮ. ಗಡ್ಡ ನೀವಿಕೊಂಡು ಶುರು ಮಾಡಿದ:

“ಉಮ್ ಫಹೀಮ್, ಈ ಸಲ ನಿಮಗೆ ನೂರು ಸಾಷ್ಟಾಂಗ ಬೇಡ. ನಿಮ್ಮ ಮಂಡಿ ಕೇಳೋಲ್ಲ. ಈ ಸಲ ಬಾಯಿಗೆ ಉಪವಾಸ.”

“ಬಾಯಿಗೇ ತಾನೆ ಅಬೂನಾ? ಮಾಂಸ ಬಿಟ್ಟೆ, ಹಾಲು ಬಿಟ್ಟೆ, ಮೊಟ್ಟೆ ಬಿಟ್ಟೆ.”

“ಒಳಗೆ ಹೋಗೋದರ ಮಾತಲ್ಲ. ಹೊರಗೆ ಬರೋದು. ಬೈಗುಳ ನಾಲಿಗೆ ತುದಿಗೆ ಬಂತಾ, ಬರೀರಿ. ಆಡಬೇಡಿ. ಹಬ್ಬದ ಹಿಂದಿನ ದಿನ ನೋಟ್‌ಬುಕ್ಕನ್ನ ಒಲೆಗೆ ಹಾಕಿ. ಯಾರೂ ಓದೋಲ್ಲ. ನಾನೂ ಓದೋಲ್ಲ.”

“ಎಷ್ಟು ಹಾಳೆದು ತಗೊಳ್ಳಲಿ?”

“ದಪ್ಪದ್ದೇ ತಗೊಳ್ಳಿ.” ನಗು ನುಂಗಿಕೊಂಡ, ಕತ್ತೆ ಮರಿ.

(ಇದು ಮೊದಲನೇದು. ಬರೆದಿದೀನಿ. ಆಡಿಲ್ಲ.)

ಆಮೇಲೆ ನಗು ಹೋಯ್ತು. “ಇನ್ನೊಂದು. ಇಪ್ಪತ್ತೆರಡು ವರ್ಷದಿಂದ ಒಬ್ಬರ ಜೊತೆ ನೀವು ಮಾತಾಡಿಲ್ಲ. ಹಬ್ಬದೊಳಗೆ ಅದು ಸರಿಹೋಗಬೇಕು. ಇಲ್ಲದಿದ್ದರೆ ಆ ದಿನ ಪರಮಪ್ರಸಾದಕ್ಕೆ ಬರಬೇಡಿ. ನಾನು ಕೊಡೋಲ್ಲ.”

ಎಪ್ಪತ್ತೆರಡು ವರ್ಷ ನನಗೆ. ಮದುವೆಯಾದಾಗಿನಿಂದ ಒಂದು ಹಬ್ಬಕ್ಕೂ ಪ್ರಸಾದ ತಪ್ಪಿಸಿದವಳಲ್ಲ. ಹೆರಿಗೆಯಾಗಿ ನಲವತ್ತು ದಿನ ತುಂಬದ ಒಂದೇ ಒಂದು ಸಲ ಬಿಟ್ಟು.

ಮೊಮ್ಮಗಳು ದಮ್ಯಾನಾಳ ಹೋದ ವರ್ಷದ ವಿಜ್ಞಾನದ ನೋಟ್‌ಬುಕ್ ಇದು. ಮುಂದಿನ ಅರ್ಧದಲ್ಲಿ ಕಪ್ಪೆಯ ಹೊಟ್ಟೆ ಕೊಯ್ದ ಚಿತ್ರ. ಹಿಂದಿನ ಅರ್ಧದಲ್ಲಿ ನನ್ನದು. ನಾನು ಓದಿದ್ದು ಇಗರ್ಜಿ ಹಿತ್ತಿಲ ಶಾಲೆಯಲ್ಲಿ, ಮೂರು ಚಳಿಗಾಲ. ಅಕ್ಷರ ಬದುವಿನ ಹಾಗೆ ಸೊಟ್ಟ. ಇರಲಿ. ಒಲೆಗೇನು ಓದು ಬರುತ್ತಾ.

ಕೋಳಿ ಬಂತು. ಥೂ—

ಹಾತೂರ್ 19

ಕಾರಣ ಬರೆಯದೆ ಬೈಗುಳ ಬರೆದರೆ ಉಪ್ಪಿಲ್ಲದ ಕಾಳು. ಬರೀತೀನಿ.

ನಮ್ಮ ಯಜಮಾನರು ಮುಅಲ್ಲಿಮ್ ಗಾದ್, ಅಂದರೆ ಇಗರ್ಜಿಯ ಹಾಡುಗುರು. ಹುಟ್ಟಿ ಎರಡು ವರ್ಷಕ್ಕೆ ಕಣ್ಣು ಹೋಯ್ತು, ನೊಣದ ಬೇನೆ. ಕುರುಡು ಮಕ್ಕಳನ್ನ ಇಗರ್ಜಿಯ ಹಾಡುಗಾರನ ಹತ್ತಿರ ಬಿಡೋದು ನಮ್ಮ ಕಡೆ ಪದ್ಧತಿ. ಅವರನ್ನೂ ಬಿಟ್ಟರು. ಹನ್ನೆರಡು ವರ್ಷಕ್ಕೆ ಪೂಜೆಯ ಹಾಡೆಲ್ಲ ಬಾಯಲ್ಲಿ. ಕಾಪ್ಟಿಕ್ ಹಾಡು, ನಮ್ಮ ಮುತ್ತಜ್ಜಂದಿರ ಭಾಷೆ. ಈಗ ಅದು ದೇವರಿಗೆ ಮಾತ್ರ ಗೊತ್ತು. ನಾವು ಹಾಡ್ತೀವಿ, ಅವನು ಅರ್ಥ ಮಾಡಿಕೊಳ್ತಾನೆ. ಕೆಲಸ ಹಂಚಿಕೆ.

ಎಲ್ಲಕ್ಕಿಂತ ದೊಡ್ಡದು ಹಾತೂರ್ ಆದ ಮೇಲೆ ಬರೋ ಕಿಯಾಹ್ಕ್ ತಿಂಗಳ ಉದ್ದ ಹಾಡು. ಮಾತು ಏಳೆಂಟೇ. ಆದರೆ ಒಂದು ‘ಆ’ ಶುರುವಾದರೆ ಒಲೆ ಮೇಲಿನ ಕಾಳು ಅರೆಬೇಯುತ್ತೆ. ನಮ್ಮೂರಲ್ಲಿ ಮಾತ್ರ ಆ ಧಾಟಿ. ಪಕ್ಕದೂರಿಗೂ ಗೊತ್ತಿಲ್ಲ.

ಮದುವೆಯಾದ ಮೊದಲ ಚಳಿಗಾಲ ಕೇಳಿದ್ದೆ, “ಏನರ್ಥ ಅದಕ್ಕೆ?”

“ನೆರೆ ಹಾಡು ಅದು ಹನೂನಾ,” ಅಂದಿದ್ದರು. “ನೈಲ್ ಬರುತ್ತೆ, ಹಳೇ ನೆಲದ ಮೇಲೆ ಹೊಸ ಮಣ್ಣು ಹಾಕಿ ಹೋಗುತ್ತೆ. ಅಷ್ಟೇ.”

ನಂಬಿದೆ. ಇವತ್ತಿಗೂ ನಂಬಿದೀನಿ.

ಇಪ್ಪತ್ತೆರಡು ವರ್ಷದ ಹಿಂದಿನ ಕಿಯಾಹ್ಕ್. ಎರಡನೇ ಭಾನುವಾರ. ಇವರು ಹಿತ್ತಾಳೆ ತಾಳ ಹಿಡಿದು ಉದ್ದ ಹಾಡಿನ ಮಧ್ಯದಲ್ಲಿದಾರೆ. ಶಾಲಾಮೇಷ್ಟ್ರು ನಸೀಫ್, ಆಗ ತಾನೇ ಹಾಡುವವರ ಮುಖ್ಯಸ್ಥನಾಗಿದ್ದವನು, ಮುಂದೆ ಬಂದ. ಕುರುಡನ ಕೈಯಿಂದ ತಾಳ ತೆಗೆದುಕೊಂಡ. ಹಾಡಿನ ಮಧ್ಯೆ! “ಸಾಕು ಮುಅಲ್ಲಿಮ್. ಇದು ತಪ್ಪು ಧಾಟಿ. ಕೈರೋದಿಂದ ಕ್ಯಾಸೆಟ್ ಬಂದಿದೆ, ಇನ್ನು ಮೇಲೆ ಎಲ್ಲಾ ಇಗರ್ಜಿಲೂ ಒಂದೇ.” ಅಂದ. ಪಕ್ಕದಲ್ಲಿ ಟೇಪ್‌ರೆಕಾರ್ಡರ್. ಗುಂಡಿ ಒತ್ತಿದ.

ಇವರ ಕೈ ಹಾಗೇ ಗಾಳಿಯಲ್ಲಿ ಇತ್ತು. ತಾಳ ಹಿಡಿದ ಹಾಗೆ. ಹೆಂಗಸರ ಕಡೆಯಿಂದ ನೋಡಿದೆ.

ಯಾರ ಕೈನೂ ಹಿಡಿಯದೆ ಗೋಡೆ ಸವರಿಕೊಂಡು ಒಬ್ಬರೇ ಮನೆಗೆ ಬಂದರು. ಮತ್ತೆ ಇಗರ್ಜಿಯಲ್ಲಿ ಬಾಯಿ ಬಿಡಲಿಲ್ಲ. ಮೂರನೇ ವರ್ಷ ಹೋದರು. ಸಾವಿನ ಮನೆಗೆ ನಸೀಫ್ ಬಂದ. ಬಂದವರಿಗೆಲ್ಲ ಕಹಿಕಾಫಿ. ಅವನ ಮುಂದೆ ಖಾಲಿ ಬಟ್ಟಲು ಬೋರಲು ಹಾಕಿ ಇಟ್ಟೆ. ಎದ್ದು ಹೋದ.

ಇದಕ್ಕೆ ಬೈಗುಳ ಇನ್ನೂ ಹುಟ್ಟಿಲ್ಲ. ಹುಟ್ಟಿದ ದಿನ ಬರೀತೀನಿ.

ಹಾತೂರ್ 23, ಭಾನುವಾರ

ಪೂಜೆಯಲ್ಲಿ ‘ಒಬ್ಬರಿಗೊಬ್ಬರು ಸಮಾಧಾನ ಹೇಳಿ’ ಅಂತ ಕೂಗಿದರು. ಅಕ್ಕಪಕ್ಕದವರ ಕೈ ಮುಟ್ಟಿ, ನಮ್ಮ ಬೆರಳು ತುಟಿಗೆ ಒತ್ತಿಕೊಳ್ಳೋದು. ನನ್ನ ಪಕ್ಕ ಮುದುಕಿ ಸಿನ್ಯೋರಾ. ಅವಳ ಕೈ ಮುಟ್ಟಿದೆ. ಗಂಡಸರ ಸಾಲು ಆಚೆ. ನಾನು ಆ ಕಳ್ಳನ ಕೈ ಮುಟ್ಟಬೇಕಾದ್ದೇ ಇಲ್ಲ. ದೇವರೇ ನಡುವೆ ಹಾದಿ ಬಿಟ್ಟು ವ್ಯವಸ್ಥೆ ಮಾಡಿದಾನೆ, ಪಾದ್ರಿಗೇನು ಅರ್ಜೆಂಟು?

ಹಾತೂರ್ 26, ಮಧ್ಯಾಹ್ನ

ಬಿ.ಪಿ. ಮಾತ್ರೆ ತಗೊಂಡೆ.

ಅವನು ಬಂದಿದ್ದ. ನಮ್ಮ ಜಗಲಿಗೆ! ಒಲೆ ಮುಂದೆ ಕೂತಿದ್ದೆ, ದಮ್ಯಾನಾ ಓಡಿ ಬಂದಳು. “ಸಿತ್ತೀ, ಉಸ್ತಾದ್ ನಸೀಫ್ ಬಂದಿದಾರೆ.” ಸಿತ್ತಿ ಅಂದರೆ ನಾನು, ಅವಳ ಅಜ್ಜಿ; ಉಸ್ತಾದ್ ಅಂದರೆ ಮೇಷ್ಟ್ರು. ಹದಿಮೂರು ವರ್ಷದ ಹುಡುಗಿಗೆ ಹಳೇ ಕಥೆ ಏನು ಗೊತ್ತು.

“ಯಾರೂ ಇಲ್ಲ ಅನ್ನು.”

“ನೀವಿದೀರಲ್ಲ.”

“ನಾನೂ ಇಲ್ಲ ಅನ್ನು!”

ಹೊರಗಿನಿಂದಲೇ ಕೇಳಿಸಿಕೊಂಡ. “ಇಲ್ಲದೇ ಇರೋರ ಹತ್ತಿರ ಎರಡು ಮಾತು ಇತ್ತು, ಉಮ್ ಫಹೀಮ್.”

ಮುದುಕ ಆಗಿದಾನೆ. ಅರವತ್ತೆರಡೋ ಮೂರೋ. ಕೋಟು ಹೆಗಲಿಂದ ಜೋತಿದೆ. ಹೆಂಡತಿ ಹೋದ ಮೇಲೆ ಇಸ್ತ್ರಿ ಕಂಡಿಲ್ಲ ಅದು. ಹೇಳಿದ್ದು ಇಷ್ಟು: ಕೈರೋದಿಂದ ಧ್ವನಿಮುದ್ರಣದವರು ಬರ್ತಾರೆ, ಕಿಯಾಹ್ಕ್ 24ಕ್ಕೆ. ಹಳ್ಳಿ ಹಳ್ಳಿಯ ಹಳೇ ಧಾಟಿ ಹುಡುಕ್ತಿದಾರೆ. ಕ್ಯಾಸೆಟ್ ಬಂದು ಎಲ್ಲಾ ಊರಿನದೂ ಸತ್ತುಹೋಗಿದೆಯಂತೆ. ಈಗ ಗೊತ್ತಾಗಿದೆಯಂತೆ! ನಮ್ಮ ಉದ್ದ ಹಾಡು ಬೇಕಂತೆ. ಗೊತ್ತಿದ್ದವರು ಯಾರೂ ಉಳಿದಿಲ್ಲ.

“ಮುಅಲ್ಲಿಮ್ ಮನೆಯಲ್ಲಿ ಹಾಡ್ತಿದ್ದರಲ್ಲ. ನಿಮಗೆ ಬರುತ್ತೆ. ನನಗೆ ಕಲಿಸಿ.”

“ಕ್ಯಾಸೆಟ್ ಏನಾಯ್ತು? ನೊಣ ಮೊಟ್ಟೆ ಇಡ್ತಾ ಅದರಲ್ಲಿ?”

ಕೋಟಿನ ಗುಂಡಿ ಹಾಕಿಕೊಂಡ.

“ತಪ್ಪು ಧಾಟಿ ಅಲ್ವಾ ಅದು? ತಪ್ಪು ಕಲಿಯೋಕೆ ಮೇಷ್ಟ್ರು ಬಂದಿದಾರೆ!”

“ಉಮ್ ಫಹೀಮ್—”

“ನಡಿ ಆಚೆ. ಇಲ್ಲಿ ರೊಟ್ಟಿ ಉಬ್ಬಬೇಕು. ನಿನ್ನ ನೆರಳು ಬಿದ್ದರೆ ಹುಳಿಯೂ ಸಾಯುತ್ತೆ.”

ಆಡಿಬಿಟ್ಟೆ. ಬರೀಬೇಕಿತ್ತು, ಆಡಿಬಿಟ್ಟೆ. ಆದರೆ ಇಪ್ಪತ್ತೆರಡು ವರ್ಷದಲ್ಲಿ ಅವನ ಜೊತೆ ಆಡಿದ ಮೊದಲ ಮಾತು. ಪಾದ್ರಿ ಲೆಕ್ಕಕ್ಕೆ ಹಿಡೀತಾನೋ ಇಲ್ಲವೋ.

ಹಾತೂರ್ 27

ನಿದ್ದೆಯಿಲ್ಲ. ಒಂದು ಯೋಚನೆ ಬಂದಿದೆ.

ಕಲಿಸ್ತೀನಿ.

ಆದರೆ ಒಂದು ಜಾಗ ಬಿಟ್ಟು. ಆ ಹಾಡಿನ ಮಧ್ಯೆ ಒಂದು ಮಾತಿದೆ, ಅಲ್ಲಿ ದನಿ ಇಳಿಯುತ್ತೆ. ಮೆಟ್ಟಿಲು ಮೆಟ್ಟಿಲಾಗಿ, ಇನ್ನೇನು ನಿಂತೇಹೋಯ್ತು ಅನ್ನೋವರೆಗೆ. ತಳದಲ್ಲಿ ಮೂರು ಉಸಿರು ಸುಮ್ಮನೆ ಕೂರುತ್ತೆ. ಆಮೇಲೆ ತಾನಾಗಿ ಏಳುತ್ತೆ. ಆ ಇಳಿಜಾರೇ ಹಾಡು. ಉಳಿದದ್ದೆಲ್ಲ ಅದಕ್ಕೆ ದಾರಿ. ನಮ್ಮವರು ಹೇಳ್ತಿದ್ದರು, “ನೀರು ನೆಲದೊಳಗೆ ಇಳಿಯೋ ಜಾಗ ಇದು. ಇಳಿದು ಮುಗಿಯೋವರೆಗೂ ಯಾರೂ ಬಿತ್ತಬಾರದು.”

ಅಲ್ಲಿ ಅವನನ್ನ ಮೇಲಕ್ಕೆ ಹತ್ತಿಸ್ತೀನಿ. ಜಂಬದ ಹುಂಜದ ಹಾಗೆ ಹತ್ತಲಿ. ಇಗರ್ಜಿ ತುಂಬ ಜನ, ಕೈರೋದವರು, ಅವರ ಮಷೀನು. ಅಲ್ಲಿ ಹತ್ತಲಿ. ಹಳಬರು ನಗಲಿ. “ಸಾಕು ಮೇಷ್ಟ್ರೇ, ಇದು ತಪ್ಪು ಧಾಟಿ” ಅನ್ನಲಿ. ಕೈ ಗಾಳಿಯಲ್ಲಿ ನಿಲ್ಲಲಿ.

ಇವತ್ತು ರೊಟ್ಟಿ ಚೆನ್ನಾಗಿ ಉಬ್ಬಿತ್ತು.

ಕಿಯಾಹ್ಕ್ 2

ಮೊದಲ ಪಾಠ. ದಮ್ಯಾನಾ ಕೈಲಿ ಬಾ ಅಂತ ಹೇಳಿ ಕಳಿಸಿದ್ದೆ. ಅವನು ಜಗಲಿ ಮೇಲೆ, ನಾನು ಒಲೆ ಹತ್ತಿರ, ಮಧ್ಯೆ ದಮ್ಯಾನಾ ಸೊಪ್ಪು ಸೋಸಿಕೊಂಡು.

ಕುರುಡು ಹಾಡುಗಾರರು ಹಾಡನ್ನ ಕಿವಿಯಲ್ಲಿ ಕಲಿಯಲ್ಲ, ಮಣಿಕಟ್ಟಿನಲ್ಲಿ ಕಲೀತಾರೆ. ಗುರು ಬಲಗೈಯಲ್ಲಿ ಶಿಷ್ಯನ ಮಣಿಕಟ್ಟು ಹಿಡೀತಾನೆ, ದನಿ ಏರಿದರೆ ಎತ್ತುತಾನೆ, ಇಳಿದರೆ ಇಳಿಸ್ತಾನೆ, ನಡುಕ ಇದ್ದ ಕಡೆ ಹೆಬ್ಬೆರಳಿನಿಂದ ಒತ್ತುತಾನೆ. ಹಾಗೆ ಕಲಿತದ್ದು ಸಾಯೋವರೆಗೂ ಹೋಗೋಲ್ಲ. ಇಗರ್ಜಿಯಲ್ಲಿ ಬಾಯಿ ಮುಚ್ಚಿದ ಮೇಲೆ ನಮ್ಮವರು ಮೂರು ವರ್ಷ ನನ್ನ ಮಣಿಕಟ್ಟಿಗೇ ಹಾಡಿದ್ದು. ಬಲಗೈಯಲ್ಲಿ ಹಿಟ್ಟು ಕಲೆಸ್ತಿದ್ದೆ. ಎಡಗೈ ಅವರದು.

ನಸೀಫನಿಗೂ ಈ ಪದ್ಧತಿ ಗೊತ್ತು. ಕೈ ಮುಂದೆ ಚಾಚಿದ.

“ಮಡಚಿಟ್ಟುಕೋ. ಆ ಕೈನ ನಾನು ಮುಟ್ಟೋಲ್ಲ. ಕಿವಿ ಇದೆಯಲ್ಲ, ಕ್ಯಾಸೆಟ್ ಕೇಳಿದ ಕಿವಿ, ಅದರಲ್ಲೇ ಕಲಿ.”

ಹಿಂದಕ್ಕೆ ಎಳೆದುಕೊಂಡ. ಮರದ ಸೌಟಿನಿಂದ ಹಿಟ್ಟಿನ ಬೋಗುಣಿ ಬಡಿದು ತಾಳ ಹಾಕಿದೆ. ಮೊದಲ ಮಾತು ಕಲಿತ. ಕೋಣನ ಮುಂದೆ ಕಿನ್ನರಿ ಅಂದುಕೊಂಡಿದ್ದೆ. ಇಲ್ಲ, ಕೋಣ ಚೆನ್ನಾಗಿಯೇ ಹಿಡೀತು. ಹೊಟ್ಟೆ ಉರೀತು.

ಕಿಯಾಹ್ಕ್ 5

ಇವತ್ತು ಆ ಜಾಗ ಬಂತು. ಹತ್ತಿಸಿದೆ. ಹತ್ತಿದ.

ಹತ್ತಿ, ನಿಂತ. ಹುಬ್ಬು ಗಂಟು. “ಇಲ್ಲಿ ಏರೋದಾ, ಉಮ್ ಫಹೀಮ್?”

“ನಾನು ಕಲಿಸೋಳೋ, ನೀನೋ?”

“ಅಲ್ಲ, ಮಾತಿನ ಅರ್ಥಕ್ಕೆ... ಇರಲಿ.”

ಅರ್ಥ ಅಂದನಲ್ಲ, ಕೆಣಕಿತು. “ಏನು ಅರ್ಥ? ನೆರೆ ಬರುತ್ತೆ, ಹೊಸ ಮಣ್ಣು ಹಾಕುತ್ತೆ. ಇದೂ ಗೊತ್ತಿಲ್ವಾ ಮೇಷ್ಟ್ರಿಗೆ?”

ಅವನು ನನ್ನ ಮುಖ ನೋಡಿದ. ನಗಲಿಲ್ಲ. ನಕ್ಕಿದ್ದರೆ ಸೌಟು ಬೀಳ್ತಿತ್ತು. ಕಾಪ್ಟಿಕ್ ಓದೋಕೆ ಕಲಿತಿದಾನಂತೆ, ನಿವೃತ್ತಿಯಾದ ಮೇಲೆ. ಒಂದೊಂದೇ ಮಾತು ಬಿಡಿಸಿ ಹೇಳಿದ. “‘ಒಳಗೆ ಹಳತಾಗಿದೀನಿ, ಒಡೆಯಾ. ನನ್ನೊಳಗೆ ಇಳಿದು ಬಾ. ನನ್ನನ್ನ ಹೊಸದು ಮಾಡು.’ ಅಷ್ಟೇ ಇರೋದು. ನದಿ ಇಲ್ಲ, ಮಣ್ಣಿಲ್ಲ. ನೀವು ಏರಿಸಿದ ಮಾತು ಇದೆಯಲ್ಲ, ಅದೇ ‘ಹೊಸದು ಮಾಡು’.”

“ಸುಳ್ಳು.”

“ಸುಳ್ಳಲ್ಲ. ಹೆಚ್ಚಿನ ಹಾಡುಗಾರರಿಗೆ ಅರ್ಥ ಗೊತ್ತಿರಲಿಲ್ಲ. ಮುಅಲ್ಲಿಮ್‌ಗೂ—”

“ಎದ್ದೇಳು! ತಾಳ ಕಿತ್ತುಕೊಂಡಿದ್ದು ಸಾಲದು, ಈಗ ಅರ್ಥನೂ ಕಿತ್ಕೊಳ್ಳೋಕೆ ಬಂದೆಯಾ ಅವರಿಂದ?”

ಹೋದ. ದಮ್ಯಾನಾ ಸೊಪ್ಪಿನ ಬುಟ್ಟಿ ಹಿಡಿದು ಬಾಯಿ ತೆರೆದು ನಿಂತಿದ್ದಳು. “ಸಿತ್ತೀ, ತಾಳ ಯಾರು ಕಿತ್ತುಕೊಂಡರು?”

“ಸೊಪ್ಪು ಸೋಸು.”

ಕಿಯಾಹ್ಕ್ 6

ಐವತ್ತು ವರ್ಷ ನೆರೆ ಅಂದುಕೊಂಡು ಹಾಡಿದೀನಿ. ಹಾಗಾದರೆ ಐವತ್ತು ವರ್ಷ ದೇವರ ಹತ್ತಿರ ಏನು ಕೇಳ್ತಿದ್ದೆ ನಾನು? ಗೊತ್ತಿಲ್ಲದೆ ಕೇಳಿದ್ದು ಅವನ ಕಿವಿಗೆ ಬೀಳುತ್ತಾ?

ನಮ್ಮವರ ಮೇಲೂ ಸಿಟ್ಟು. ಗೊತ್ತಿಲ್ಲ ಅಂದಿದ್ದರೆ ಏನಾಗ್ತಿತ್ತು? ಹೆಂಡತಿ ಮುಂದೆ ಗೊತ್ತಿಲ್ಲ ಅನ್ನೋ ಗಂಡಸು ಇನ್ನೂ ಹುಟ್ಟಿಲ್ಲ.

ನೆರೆ ಅವರು ನೋಡಿದ್ದೂ ಇಲ್ಲ, ಕಣ್ಣಿಲ್ಲವಲ್ಲ. ಕೇಳಿದ್ದರು, ಮೂಸಿದ್ದರು. ನಾನು ನೋಡಿದೀನಿ. ಅಣೆಕಟ್ಟು ಕಟ್ಟೋ ಮುಂಚಿನ ಕಡೇ ನೆರೆ ಬಂದಾಗ ನನಗೆ ಹದಿನೆಂಟು. ಜನ ಈಗ ಅದನ್ನ ಹಬ್ಬದ ಥರ ಹೇಳ್ತಾರೆ. ಹಬ್ಬವಂತೆ! ಹೊಸ್ತಿಲವರೆಗೆ ಕೆಸರು. ಹಾವು ಸೂರು ಹತ್ತಿತ್ತು. ಉಬ್ಬಿದ ಕತ್ತೆ ತೇಲಿ ಬಂದು ನಮ್ಮ ಖರ್ಜೂರದ ಮರಕ್ಕೆ ಸಿಕ್ಕಿಕೊಂಡಿತ್ತು. ಹದಿನೈದು ದಿನ ಮೂಗು ಬಿಡೋ ಹಾಗಿಲ್ಲ. ನೀರು ಇಳಿದ ಮೇಲೆ ಅಪ್ಪ ಹೊಲಕ್ಕೆ ಕಾಲಿಟ್ಟ, ಮೊಣಕಾಲವರೆಗೆ ಹೂತುಹೋದ. ಅಲ್ಲೇ ನಿಂತು ನಕ್ಕ. ಅಪ್ಪ ನಕ್ಕಿದ್ದು ನಾನು ನೋಡಿದ್ದು ಅದೊಂದೇ ಸಲ.

ಈಗ ಆ ಹೊಲಕ್ಕೆ ಚೀಲಗಟ್ಟಲೆ ಗೊಬ್ಬರ ಸುರೀತಾನೆ ಫಹೀಮ. ಕಬ್ಬು ಬರುತ್ತೆ. ಮಣ್ಣು ಮಾತ್ರ ಇಟ್ಟಿಗೆ.

ನನಗ್ಯಾಕೆ ಇದೆಲ್ಲ. ರೊಟ್ಟಿಗೆ ಹೊತ್ತಾಯ್ತು.

ಕಿಯಾಹ್ಕ್ 14, ಭಾನುವಾರ

ಎಂಟು ದಿನ ಬರೆದಿಲ್ಲ. ಬರೆಯೋಕೆ ಬೈಗುಳ ಇರಲಿಲ್ಲ. ಪಾಠ ಮುಗೀತು. ಮಧ್ಯೆ ಎರಡು ದಿನ ನಸೀಫ ಬರಲಿಲ್ಲ, ಮೂರನೇ ದಿನ ತಾನಾಗಿ ಬಂದು ಜಗಲಿ ಮೇಲೆ ಕೂತ. ನಾನೂ ಏನೂ ಆಗದ ಹಾಗೆ ಬೋಗುಣಿ ಬಡಿದೆ.

ಇವತ್ತು ಪೂಜೆಯಲ್ಲಿ ಹಾಡಿದ. ಕೈರೋದವರು ಬರೋ ಮುಂಚೆ ಒಂದು ಸಲ ಎಲ್ಲರ ಮುಂದೆ ನೋಡೋಣ ಅಂತ ಪಾದ್ರಿಯೇ ಹೇಳಿದನಂತೆ. ನಾನು ಹೊಸ ಕರೀ ಶಾಲು ಹೊದ್ದು ಹೋಗಿದ್ದೆ. ನಾಟಕ ನೋಡೋಕೆ ಹೋದ ಹಾಗೆ.

ಆ ಜಾಗ ಬಂತು. ಹತ್ತಿದ. ಚೊಕ್ಕವಾಗಿ, ಗಟ್ಟಿಯಾಗಿ, ಛಾವಣಿ ಮುಟ್ಟೋ ಹಾಗೆ ಹತ್ತಿದ.

ಕಾದೆ. ಯಾರಾದರೂ ಕೆಮ್ಮಲಿ, ಮುಸಿಮುಸಿ ನಗಲಿ.

ಯಾರೂ ಇಲ್ಲ.

ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಸಿನ್ಯೋರಾ ಸಿಕ್ಕಿದಳು. ನನಗಿಂತ ಒಂಬತ್ತು ವರ್ಷ ದೊಡ್ಡವಳು. ಊರಿನ ಹಳೇ ಕಿವಿ ಅಂದರೆ ಉಳಿದಿರೋದು ಅದೊಂದೇ. ಕಣ್ಣು ಒರೆಸಿಕೊಳ್ತಿದ್ದಳು.

“ಹನೂನಾ, ಕೇಳಿದೆಯೇನೇ? ನಿನ್ನ ಗಂಡನೇ ಬಂದು ಹಾಡಿದ ಹಾಗಿತ್ತು.”

“ಯಾವುದು ಹಾಗಿತ್ತು? ಮಧ್ಯದಲ್ಲಿ ಏರಿದನಲ್ಲ, ಅದೂ?”

“ಅದೇ ಕಣೇ! ಗಾದ್ ಅಲ್ಲೇ ತಾನೆ ಏರಿಸ್ತಿದ್ದದ್ದು. ಮೈ ಜುಂ ಅಂತಿತ್ತು.”

“ನಿನ್ನ ತಲೆ! ಎಲ್ಲಿ ಏರಿಸ್ತಿದ್ದರು ಅವರು?”

“ನೀನು ಯಾವಾಗಲೂ ಹೀಗೇ. ಒಳ್ಳೇ ಮಾತು ಹೇಳಿದರೂ ಜಗಳ.” ಕೋಲೂರಿಕೊಂಡು ಹೋದಳು.

ಬೆರಳು ಮಡಚಿ ಎಣಿಸಿದೆ, ಸರಿಯಾದ್ದು ಗೊತ್ತಿದ್ದವರು ಯಾರು ಯಾರು. ಮುಅಲ್ಲಿಮ್ ಹಬೀಬ್, ಸತ್ತ. ಅವರ ತಮ್ಮ, ಸತ್ತ. ರಿಫ್ಕಾ, ಸತ್ತಳು. ನಮ್ಮವರು...

ಕೈಯಲ್ಲಿ ಒಂದೇ ಬೆರಳು ಉಳೀತು.

ಕಿಯಾಹ್ಕ್ 16

ದಮ್ಯಾನಾ ಪಾತ್ರೆ ತೊಳೆಯುತ್ತ ಗುನುಗ್ತಿದ್ದಳು. ಎಲ್ಲಾ ಪಾಠಕ್ಕೂ ಪಕ್ಕದಲ್ಲೇ ಇದ್ದವಳು, ಗಿಣಿ. ಆ ಜಾಗ ಬಂತು. ಏರಿತು ಅವಳ ದನಿ.

“ಹಾಗಲ್ಲ!” ಅಂದೆ.

“ಹೀಗೇ ಅಲ್ವಾ ಸಿತ್ತೀ ನೀವು ಹೇಳಿಕೊಟ್ಟಿದ್ದು? ಶಾಲೆಯಲ್ಲಿ ಎಲ್ಲರಿಗೂ ಬರುತ್ತೆ ಈಗ. ಉಸ್ತಾದ್ ಹಾಡಿದ್ದನ್ನ ನಮ್ಮ ಕ್ಲಾಸಿನ ಹುಡುಗ ಮೀನಾ ಫೋನಲ್ಲಿ ಹಿಡಿದಿದಾನೆ.”

ಸರಿಯಾದ್ದು ಹೇಳಿಕೊಡೋಣ ಅಂತ ಬಾಯಿ ತೆರೆದೆ.

ಏರಿತು. ನನ್ನದೂ.

ಮತ್ತೆ ಶುರು ಮಾಡಿದೆ. ಮತ್ತೆ ಅಲ್ಲಿಗೆ ಬಂದು ಏರಿತು. ಇಷ್ಟು ದಿನ ಬೋಗುಣಿ ಬಡಿದು ಬಡಿದು ನನ್ನ ಗಂಟಲಿಗೂ ಅದೇ ಅಂಟಿಕೊಂಡಿದೆ. ಕೈ ತೊಳೆದು ಒಳಗೆ ಹೋಗಿ ಹಾಸಿಗೆ ಮೇಲೆ ಕೂತೆ. ಕಣ್ಣು ಮುಚ್ಚಿದೆ. ಎಡಗೈ ಮಣಿಕಟ್ಟನ್ನ ಬಲಗೈಯಲ್ಲಿ ಹಿಡಿದುಕೊಂಡೆ, ಅವರು ಹಿಡೀತಿದ್ದ ಹಾಗೆ. ಎಷ್ಟೋ ಹೊತ್ತು ಏನೂ ಇಲ್ಲ. ಆಮೇಲೆ ಹೆಬ್ಬೆರಳು ತಾನಾಗಿ ಒತ್ತಿತು, ಕೈ ಇಳೀತು, ಕೈಯ ಹಿಂದೆ ದನಿ ಇಳೀತು.

ಸಿಕ್ಕಿತು. ಮಣಿಕಟ್ಟಿನಲ್ಲಿತ್ತು.

ನಸೀಫ ತಾಳ ಕಿತ್ತುಕೊಂಡ. ಹಾಡು ಕಿತ್ತುಕೊಂಡವಳು ನಾನು. ಅವನಿಗೆ ಹುಟ್ಟದೇ ಇದ್ದ ಬೈಗುಳ ಇವತ್ತು ಹುಟ್ಟಿದೆ. ಯಾರ ಹೆಸರಿಗೆ ಬರೆಯೋದು ಅಂತ ತಿಳೀತಿಲ್ಲ.

ಕಿಯಾಹ್ಕ್ 17

ಅವನ ಬೀದಿ ತಿರುವಿನವರೆಗೆ ಹೋದೆ. ಜೋನಿಬೆಲ್ಲದ ಡಬ್ಬಿ ಹಿಡಿದು, ಯಾರಾದರೂ ಕೇಳಿದರೆ ಹೇಳೋಕೆ ಒಂದು ನೆಪ. ವಾಪಸ್ಸು ಬಂದೆ. ಡಬ್ಬಿನೂ ವಾಪಸ್ಸು.

ಕಾಲು ನೋವು ಅಂದೆ ಮನೆಯಲ್ಲಿ. ಸುಳ್ಳು. ಇದೂ ಒಲೆಗೆ.

ಕಿಯಾಹ್ಕ್ 19

ಯಾಕೆ ಹೋಗಬೇಕು? ನಾನು ಬಾಯಿ ಮುಚ್ಚಿಕೊಂಡರೆ ಯಾರಿಗೂ ಗೊತ್ತಾಗೋಲ್ಲ. ತಪ್ಪೇ ಸರಿಯಾಗುತ್ತೆ. ಮಷೀನಿಗೆ ಹೋಗುತ್ತೆ. ನೂರು ವರ್ಷ ಹಾಗೇ ಹಾಡ್ತಾರೆ, ‘ಮುಅಲ್ಲಿಮ್ ಗಾದ್ ಧಾಟಿ’ ಅಂತ ಅವರ ಹೆಸರಲ್ಲೇ.

ಅದೇ ತಾನೆ ಸಂಕಟ. ಅವರ ಹೆಸರಲ್ಲೇ.

ಕಿಯಾಹ್ಕ್ 20, ಸಂಜೆ

ಹೋದೆ. ಡಬ್ಬಿ ಇಲ್ಲದೆ.

ಬಾಗಿಲು ತೆಗೆದವನು ಎರಡು ಹೆಜ್ಜೆ ಹಿಂದೆ ಸರಿದ. ಹೊಡೆಯೋಕೆ ಬಂದಳು ಅಂದುಕೊಂಡನೋ ಏನೋ. ನಿಂತೇ ಹೇಳಿದೆ, ಕೂತರೆ ಮಾತು ಮೆತ್ತಗಾಗುತ್ತೆ ಅಂತ.

“ಮಧ್ಯದ ಆ ಮಾತು ನಿನಗೆ ತಪ್ಪು ಕಲಿಸಿದೀನಿ. ಬೇಕೂಂತಲೇ. ನೀನು ಜನರ ಮುಂದೆ ನಾಚಿಕೆಪಡಲಿ ಅಂತ.”

ಅವನು ಕುರ್ಚಿ ಎಳೆದು ತಾನು ಕೂತ. “ಗೊತ್ತಿತ್ತು,” ಅಂದ.

“ಏನು ಗೊತ್ತಿತ್ತು?”

“ಅಲ್ಲಿ ಏನೋ ಸರಿಯಿಲ್ಲ ಅಂತ. ಹುಡುಗನಾಗಿದ್ದಾಗಿನಿಂದ ಕೇಳಿದೀನಿ ಅವರನ್ನ, ಉಮ್ ಫಹೀಮ್. ‘ಇಳಿದು ಬಾ, ಹೊಸದು ಮಾಡು’ ಅನ್ನೋ ಕಡೆ ಯಾರು ಏರಿಸ್ತಾರೆ? ಆದರೆ ಸರಿಯಾದ್ದು ಯಾವುದು ಅಂತ ನೆನಪಿಗೆ ಬರಲಿಲ್ಲ. ಕ್ಯಾಸೆಟ್ ಇಪ್ಪತ್ತೆರಡು ವರ್ಷ ಉಜ್ಜಿದೆ ತಲೆಯನ್ನ.”

“ಗೊತ್ತಿದ್ದೂ ಭಾನುವಾರ ಎಲ್ಲರ ಮುಂದೆ ಹಾಡಿದೆಯಾ?”

“ನೀವು ಕೊಟ್ಟಷ್ಟೇ ತಾನೆ ನನ್ನ ಹತ್ತಿರ ಇದ್ದದ್ದು. ಕೇಳೋ ಹಕ್ಕು ನನಗಿತ್ತಾ?”

ಗೋಡೆಯ ಮೇಲೆ ಅವನ ಹೆಂಡತಿಯ ಪಟ, ಕೆಳಗೆ ಒಣಗಿದ ತುಳಸಿ ಕಡ್ಡಿ.

“ಆ ದಿನ ತಾಳ ತೆಗೆದುಕೊಂಡೆನಲ್ಲ,” ಅಂದ. “ಹಿತ್ತಾಳೆ ಬೆಚ್ಚಗಿತ್ತು, ಅವರ ಕೈಯ ಬಿಸಿಗೆ. ಇದನ್ನ ಯಾರಿಗೂ ಹೇಳಿಲ್ಲ. ಪಾದ್ರಿಗೂ ಹೇಳಿಲ್ಲ. ಕ್ಷಮಿಸಿ ಅಂತ ಕೇಳೋಲ್ಲ ನಾನು. ನೀವು ಕೊಡೋರಲ್ಲ.”

“ಕೊಡೋಳಲ್ಲ,” ಅಂದೆ. “ಕಾಫಿ ಇದೆಯಾ ಈ ಮನೆಯಲ್ಲಿ, ಅದೂ ಇಲ್ವಾ?”

ಮಾಡಿಕೊಟ್ಟ. ಕೆಟ್ಟದಾಗಿತ್ತು. ಕುಡಿದೆ. ಬಟ್ಟಲು ಬೋರಲು ಹಾಕಲಿಲ್ಲ, ಹಾಗೇ ಇಟ್ಟು ಬಂದೆ.

ಕಿಯಾಹ್ಕ್ 22

ನಿನ್ನೆ ಪೂಜೆ ಮುಗಿದ ಮೇಲೆ, ಇವತ್ತು ಬೆಳಿಗ್ಗೆ, ಇವತ್ತು ಸಂಜೆ, ಮತ್ತೆ ಪಾಠ. ಬೋಗುಣಿ ಸೀಳು ಬಿಟ್ಟಿದೆ. ಏನು ಮಾಡಿದರೂ ಆ ಜಾಗಕ್ಕೆ ಬಂದು ಮೇಲೆ ಹೋಗ್ತಾನೆ. ನಾಲ್ಕು ಸಲ ಸರಿ ಬರುತ್ತೆ, ಐದನೇದಕ್ಕೆ ಹುಂಜ ಕೂಗುತ್ತೆ. ತಪ್ಪನ್ನ ಎಷ್ಟು ಚೆನ್ನಾಗಿ ಕಲಿಸಿದೀನಿ ನಾನು! ಸರಿಯಾದ್ದನ್ನ ಯಾರೂ ಇಷ್ಟು ಚೆನ್ನಾಗಿ ಕಲಿಸಿರಲಿಕ್ಕಿಲ್ಲ.

“ಕಿವಿಗೆ ಆಗ್ತಿಲ್ಲ, ಉಮ್ ಫಹೀಮ್,” ಅಂದ ಹೋಗುವಾಗ. ಕೈ ಚಾಚಲಿಲ್ಲ. ಜೇಬಿನಲ್ಲಿ ಇಟ್ಟುಕೊಂಡ.

ನಾನು ಸೀಳು ಬೋಗುಣಿ ಎತ್ತಿ ಒಳಗಿಟ್ಟೆ.

ದಮ್ಯಾನಾ ಪಕ್ಕದಲ್ಲಿ ಕೂತು ಕೇಳಿದಳು, “ಸಿತ್ತೀ, ತಾಳ ಕಿತ್ತುಕೊಂಡಿದ್ದು ಅವರೇನಾ?”

“ಹೂಂ.”

“ಯಾವ ಕೈಯಲ್ಲಿ?”

ಮಕ್ಕಳು ಎಂಥ ಪ್ರಶ್ನೆ ಕೇಳ್ತಾವೆ. “ಬಲಗೈಯಲ್ಲಿ.”

ಕಿಯಾಹ್ಕ್ 24, ಬೆಳಿಗ್ಗೆ

‘ಕಿಯಾಹ್ಕ್, ನಿನ್ನ ಬೆಳಗೇ ನಿನ್ನ ಸಂಜೆ’ ಅಂತ ಹಳಬರು ಸುಮ್ಮನೆ ಹೇಳಿಲ್ಲ. ಹೊತ್ತು ಹುಟ್ಟೋದೇ ತಡ, ಮುಳುಗುತ್ತೆ. ಹತ್ತು ಗಂಟೆಗೆ ಮಷೀನಿನವರು ಇಗರ್ಜಿಗೆ ಬರ್ತಾರೆ. ವ್ಯಾನು ಆಗಲೇ ಕಾಲುವೆ ಸೇತುವೆ ಹತ್ತಿರ ಇದೆಯಂತೆ, ಫಹೀಮ ನೋಡಿದನಂತೆ.

ನಸೀಫ ಏಳಕ್ಕೇ ಬಂದು ಕೂತಿದಾನೆ, ಜಗಲಿ ಮೇಲೆ. ಇಸ್ತ್ರಿ ಮಾಡಿದ ಕೋಟು. ದಮ್ಯಾನಾ ಮಾಡಿಕೊಟ್ಟಿದ್ದಂತೆ, ನನ್ನನ್ನ ಕೇಳದೆ! ಮೊದಲಿಂದ ಹಾಡ್ತಿದಾನೆ. ನಾನು ಹೊಸ್ತಿಲಲ್ಲಿ ಕೂತು ಬರೀತಾ ಕೇಳ್ತಿದೀನಿ. ಸುಮ್ಮನೆ ಕೂತರೆ ಬೈತೀನಿ. ಅದಕ್ಕೆ ಪೆನ್ನು.

ಹಿಟ್ಟು ಇವತ್ತು ಇಟ್ಟಿಲ್ಲ.

ಮೊದಲ ಮಾತು ಸರಿ. ಎರಡನೇದು ಸರಿ. ‘ಒಳಗೆ ಹಳತಾಗಿದೀನಿ’ ಅನ್ನೋ ಕಡೆ ನಡುಕ ಚೆನ್ನಾಗಿ ಬಂತು. ಮುದುಕನಿಗೆ ನಡುಕ ಕಲಿಸಬೇಕಾ.

ಆ ಜಾಗ.

ಏರಿದ. ದರಿದ್ರ, ಮತ್ತೆ ಏರಿದ! ತಾನೇ ನಿಲ್ಲಿಸಿದ. ಹಣೆ ಒರೆಸಿಕೊಂಡ. ಮತ್ತೆ ಮೊದಲಿಂದ.

ಏರಿದ.

ಈಗ ಹಾಡು ಬಿಟ್ಟು ನೆಲ ನೋಡಿಕೊಂಡು ಕೂತಿದಾನೆ. ಬಲಗೈ ಮಂಡಿ ಮೇಲಿದೆ, ಅಂಗೈ ಮೇಲಾಗಿ. ಕೇಳ್ತಿಲ್ಲ. ಇಟ್ಟಿದಾನೆ ಅಷ್ಟೆ. ಬೆರಳು ಸ್ವಲ್ಪ ಮಡಚಿದೆ. ತಾಳ ಹಿಡಿದ ಹಾಗೆ.

ಇದೊಂದು ಕೈ ಮುಟ್ಟಬಾರದು ಅಂತ ಇಪ್ಪತ್ತೆರಡು ವರ್ಷ... ಹೂಂ, ಇರಲಿ. ನೆರೆ ಬಂದರೆ ಕೆಸರಾಗೋದು ಇದ್ದದ್ದೇ. ದಮ್ಯಾನಾ ಬಾಗಿಲಲ್ಲಿ ನಿಂತು ನನ್ನನ್ನೇ ನೋಡ್ತಿದಾಳೆ, ಸೇತುವೆ ಹತ್ತಿರ ಹಾರ್ನು ಕೇಳಿಸ್ತು.

“ನಸೀಫ್,” ಅಂದೆ. “ಇತ್ತ ತಾ.”

ಶಿಷ್ಯನ ಮಣಿಕಟ್ಟು ಎಡಗೈಯಲ್ಲಿ ಹಿಡಿಯೋ ಹಾಗಿಲ್ಲ. ಬಲಗೈಯೇ ಬೇಕು, ಪೆನ್ನು ಹಿಡಿದಿರೋ ಈ